ಒಳ್ಳೆಯ ದಿನಕ್ಕೆ ಇಟ್ಟ ಸೀರೆ



ಮಳೆ ಹಿಂದಾಗಿ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ನಮ್ಮ ಕೈ ಟ್ರಂಕಿನ ಕಡೆಗೇ ಹೋಗುತ್ತದೆ. ರೇಷ್ಮೆ ಸೀರೆಗಳನ್ನೆಲ್ಲ ಹೊರತೆಗೆದು, ಗಾಳಿಯಾಡಿಸಿ, ಒಂದೊಂದನ್ನೂ ಸವರಿ ನೋಡಿ, ಮತ್ತೆ ಒಳಗಿಡುವ ಸಂಭ್ರಮ ನಿಮಗೂ ಗೊತ್ತು. ‘ಇದನ್ನು ಯಾವಾಗ ಉಡ್ತೀರಿ?’ ಅಂತ ಯಾರಾದರೂ ಕೇಳಿದರೆ ಮಾತ್ರ ನಮ್ಮದು ಒಂದೇ ಉತ್ತರ: ‘ಇರಲಿ ಬಿಡಿ, ಒಳ್ಳೇ ದಿನಕ್ಕೆ ಆಗುತ್ತೆ.’

ನನ್ನ ತಾಯಿಯದೂ ಇದೇ ಮಾತು. 1976ರಲ್ಲಿ ನಮ್ಮ ತಂದೆಯವರು ಅರಿಯರ್ಸ್ ಹಣ ಬಂದಾಗ ಮೈಸೂರಿನಿಂದ ಒಂದು ಗಿಳಿಹಸಿರು ರೇಷ್ಮೆ ಸೀರೆ ತಂದರು. ಅಂಗೈ ಅಗಲದ ಜರಿ ಅಂಚು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಪೆಟ್ಟಿಗೆಗೆ ಸೇರಿಸಿದರು. ನನ್ನ ಮದುವೆಗೆ ಉಡುತ್ತೇನೆಂದರು. ಆಗ ಎಣ್ಣೆ ಕಲೆಯ ಹೆದರಿಕೆ. ತಮ್ಮನ ಮದುವೆಯಲ್ಲಿ, ‘ಸೊಸೆ ಉಡೋ ಹೊತ್ತಿನಲ್ಲಿ ನನಗ್ಯಾಕೆ?’ ಎಂದರು. ಕೊನೆಗೆ ತಂದೆಯವರ ಅರವತ್ತರ ಶಾಂತಿಗೆ ಉಡುವುದೆಂದು ನಿಶ್ಚಯವಾಯಿತು. ಅದಕ್ಕೆ ಎಂಟು ತಿಂಗಳು ಇರುವಾಗಲೇ ತಂದೆಯವರು ತೀರಿಕೊಂಡರು. ಆಮೇಲೆ ಆ ಬಣ್ಣ ತನಗಲ್ಲವೆಂದು ಅಮ್ಮನೇ ತೀರ್ಮಾನಿಸಿಬಿಟ್ಟರು.

ಅಮ್ಮ ಹೋದ ಮೇಲೆ ಪೆಟ್ಟಿಗೆಯ ಬೀಗ ತೆಗೆದವಳು ನಾನು. ಸೀರೆ ಅಂಗಡಿಯಿಂದ ಈಗ ತಂದಂತಿತ್ತು. ಬಿಡಿಸಿದೆ ನೋಡಿ, ಮಡಿಕೆ ಮಡಿಕೆಗೂ ಪರ್ರನೆ ಹರಿದು ಬಂತು. ಒಂದು ದಿನವೂ ಉಡದ ಸೀರೆ!

ರೇಷ್ಮೆಯ ಗುಣವೇ ಹಾಗೆ. ನಮ್ಮ ಕೂದಲಿನಂತೆ ಅದೂ ಪ್ರೋಟೀನಿನ ಎಳೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಆ ಗೆರೆಯಲ್ಲೇ ಮುರಿಯುತ್ತದೆ. ತೇವದ ಗಾಳಿಗೆ ಬೆಳ್ಳಿ ಜರಿ ಕಪ್ಪಾಗುತ್ತದೆ. ಉಟ್ಟರೆ ಸವೆಯುತ್ತೆ ಅಂತ ಹೆದರುತ್ತೇವೆ. ಉಡದಿದ್ದರೂ ಅದು ಸವೆಯುತ್ತಲೇ ಇರುತ್ತದೆ.

ಶಿಡ್ಲಘಟ್ಟ, ರಾಮನಗರದ ಕಡೆಯ ಸೋದರಿಯರಿಗೆ ರೇಷ್ಮೆ ಹುಳುವಿನ ವಿಷಯ ನಾನೇನು ಹೇಳುವುದು! ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಸಲ ಪೊರೆ ಕಳಚಿ, ಸುಮಾರು ನಾಲ್ಕು ವಾರಕ್ಕೆ ಗೂಡು ಕಟ್ಟುತ್ತದೆ. ಬೀಜಕ್ಕೆ ಬಿಟ್ಟ ಗೂಡಿನಿಂದ ಹೊರಬರುವ ಚಿಟ್ಟೆ ಏನೂ ತಿನ್ನುವುದಿಲ್ಲ. ಕೆಲವೇ ದಿನ ಬದುಕಿ, ಮೊಟ್ಟೆಯಿಟ್ಟು ಮುಗಿಸುತ್ತದೆ. ‘ಇರಲಿ, ಆಮೇಲೆ’ ಅನ್ನಲು ಅದಕ್ಕೆ ಪುರುಸೊತ್ತೇ ಇಲ್ಲ.

ಹಾಗಂತ ಇರೋದನ್ನೆಲ್ಲ ಇವತ್ತೇ ಖರ್ಚು ಮಾಡಿ ಅಂತ ನಾನು ಹೇಳುತ್ತಿಲ್ಲ. ನಾಳೆಗೆ ಅಕ್ಕಿ ಬೇಳೆ ಎತ್ತಿಡದಿದ್ದರೆ ಸಂಸಾರ ನಡೆದೀತೇ? ಉಪ್ಪಿನಕಾಯಿ ಜಾಡಿಯಲ್ಲಿ ವರ್ಷ ಇರುತ್ತೆ. ಆದರೆ ‘ಅಮ್ಮಾ, ಒಂದಾಟ ಚೌಕಾಬಾರ ಆಡೋಣ ಬಾ’ ಅಂತ ಸೆರಗು ಹಿಡಿದೆಳೆಯುವ ಮಗುವಿನ ವಯಸ್ಸು ಯಾವ ಜಾಡಿಯಲ್ಲೂ ನಿಲ್ಲುವುದಿಲ್ಲ. ಸಂಜೆ ಯಜಮಾನರು ‘ಸುಮ್ಮನೆ ಕೆರೆ ಏರಿ ತನಕ ಹೋಗಿ ಬರೋಣ’ ಎಂದಾಗ, ಪಾತ್ರೆ ಕಾದರೆ ಕಾಯಲಿ, ಹೋಗಿ ಬನ್ನಿ. ಯಾವುದನ್ನು ಎತ್ತಿಡಬಹುದು, ಯಾವುದನ್ನು ಎತ್ತಿಡಲಾಗದು ಎಂದು ತಿಳಿದರೆ ಅರ್ಧ ಸಂಕಟ ಕಡಿಮೆ.

ಇನ್ನು ಸೀರೆಯ ಮಾತು. ಉಟ್ಟ ಮೇಲೆ ಬೆವರು ಆರುವ ತನಕ ನೆರಳಿನಲ್ಲಿ ಹರವಿ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗದಿರಲಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ, ಆಗಾಗ ಉಡಿ.

ಅಮ್ಮನ ಸೀರೆಯಲ್ಲಿ ಗಟ್ಟಿಯಿದ್ದ ತುಂಡುಗಳನ್ನು ಆರಿಸಿ, ಕೆಳಗೆ ಹತ್ತಿಬಟ್ಟೆ ಕೊಟ್ಟು, ಮೊಮ್ಮಗಳಿಗೆ ಒಂದು ಲಂಗ ಹೊಲಿಸಿದೆ. ಹಬ್ಬದ ದಿನ ಉಟ್ಟವಳು ಗಂಟೆಯೊಳಗೆ ಪಾಯಸ ಚೆಲ್ಲಿಕೊಂಡಳು. ನನ್ನ ಎದೆ ಚುರುಕ್ಕೆಂದಿತು, ಸುಳ್ಳು ಯಾಕೆ ಹೇಳಲಿ? ಅವಳು ಮಾತ್ರ ಒದ್ದೆ ಲಂಗದಲ್ಲೇ ಗಿರಗಿರ ತಿರುಗಿ, ‘ಅಜ್ಜೀ, ನೋಡು’ ಅಂದಳು. ನೋಡುತ್ತಾ ಕೂತೆ.

ಈ ಶುಕ್ರವಾರ ನೀವು ಯಾವ ಸೀರೆ ಉಡುತ್ತೀರಿ? ನನಗೂ ಒಂದು ಕಾಗದ ಬರೆದು ತಿಳಿಸಿ.