ಮನೆಮಾತು: ದೀಪ ಮಿನುಗಿದರೆ ಸಾಲದು



ಹಾವೇರಿ ಕಡೆಯ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. "ಮಗ ಪಿಯುಸಿ ಮುಗಿಸಿದ್ದಾನೆ. ಆಟ ಆಡುವ ಕಂಪ್ಯೂಟರ್ ಬೇಕು, ಬಿಡಿಭಾಗ ತಂದು ಜೋಡಿಸಿಕೊಳ್ತೀನಿ ಅಂತ ಹಟ ಹಿಡಿದಿದ್ದಾನೆ. ಅಂಗಡಿಯವರ ಮಾತು ಒಂದೂ ತಲೆಗೆ ಹೋಗುವುದಿಲ್ಲ. ಏನು ಮಾಡಲಿ ಅಕ್ಕಾ?" ಎಂದು ಕೇಳಿದ್ದಾರೆ.

ಉಪ್ಪಿನಕಾಯಿ, ಸಂಡಿಗೆ ಎಂದು ಬರೆಯುವ ಎಸ್ಸೆಸ್ಸೆಲ್ಸಿ ಓದಿದವಳಿಗೆ ಕಂಪ್ಯೂಟರಿನ ಉಸಾಬರಿ ಏಕೆ ಎಂದು ನಗಬೇಡಿ. ಈ ವಿಷಯದಲ್ಲಿ ಕೈ ಸುಟ್ಟುಕೊಂಡವಳು ನಾನು.

2024ರ ದೀಪಾವಳಿಗೆ ನಮ್ಮ ಮಗನಿಗೂ ಇಂಥದ್ದೊಂದು ಕೊಡಿಸಿದೆವು. ನಾನು ಎತ್ತಿದ ಚೀಟಿ ಹಣಕ್ಕೆ ಯಜಮಾನರು ಸ್ವಲ್ಪ ಸೇರಿಸಿ, ಒಟ್ಟು 60,000 ರೂಪಾಯಿ. ಅಂಗಡಿಯವನು ತೋರಿಸಿದ ಪೆಟ್ಟಿಗೆಗೆ ಗಾಜಿನ ಬಾಗಿಲು, ಒಳಗೆ ಕೆಂಪು, ನೀಲಿ, ಹಸಿರು ದೀಪ. ಗಣಪತಿ ಪೆಂಡಾಲಿನ ಹಾಗೆ ಝಗಝಗ! ನಾನೂ ಮರುಳಾದೆ. ಒಳಗೆ ಯಾವ ಸಾಮಾನು ಹಾಕಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ.

2025ರ ಜೂನ್. ನಮ್ಮ ಸಾಗರದ ಮಳೆ ನಿಮಗೆ ಗೊತ್ತಲ್ಲ. ಒಂದು ಸಂಜೆ ಕರೆಂಟು ಮೂರು ಸಲ ಹೋಗಿ ಬಂತು. ನಾಲ್ಕನೆಯ ಸಲ 'ಟಪ್' ಅಂತ ಸದ್ದು, ಸುಟ್ಟ ವಾಸನೆ. ಹೋದದ್ದು ಪವರ್ ಸಪ್ಲೈ. ಅದರ ಜೊತೆಗೇ ಮದರ್‌ಬೋರ್ಡೂ ಹೋಯಿತು. ಬಿಲ್ಲಿನಲ್ಲಿ 'ಕಂಪ್ಯೂಟರ್ ಸೆಟ್ 1' ಎಂದಷ್ಟೇ ಇದ್ದುದರಿಂದ ಅಂಗಡಿಯವನು ಕೈಚೆಲ್ಲಿದ.

"ಆಟದ ಸಾಮಾನಿಗೆ ಇನ್ನು ಒಂದು ಕಾಸೂ ಇಲ್ಲ" ಎಂದರು ಇವರು. ಮಗ ಅಪ್ಪನ ಜೊತೆ ಮಾತು ಬಿಟ್ಟ. "ಅವನಿಗೆ ಊಟಕ್ಕೆ ಬರಲು ಹೇಳು", "ಅಪ್ಪನಿಗೆ ಹೇಳಮ್ಮ, ಆಮೇಲೆ ಬರ್ತೀನಿ ಅಂತ" - ಒಂದೇ ಸೂರಿನಡಿ ಇಬ್ಬರ ಮಧ್ಯೆ ನಾನು ಅಂಚೆಯವಳಾದೆ. ದುಡ್ಡು ಹೋದದ್ದಕ್ಕಿಂತ ಇದೇ ಹೆಚ್ಚು ಸಂಕಟ.

ತಿಂಗಳು ಕಳೆಯಿತು. ಒಂದು ದಿನ ಮಗನನ್ನು ಅಡುಗೆಮನೆಗೆ ಕರೆದೆ. "ಒಂದೊಂದನ್ನೂ ನನಗೆ ತಿಳಿಯುವ ಹಾಗೆ ಹೇಳು, ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ತೀನಿ" ಅಂದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ತಮ್ಮನ ಮಗನನ್ನೂ ಫೋನಿನಲ್ಲಿ ಕೇಳಿದೆ. ನಾನು ತಿಳಿದುಕೊಂಡದ್ದು ಇಷ್ಟು.

ಲೆಕ್ಕ ಹಾಕುವ ಮಿದುಳು ಪ್ರೊಸೆಸರ್. ಎಲ್ಲವನ್ನೂ ಕೂಡಿಸುವ ಹಲಗೆ ಮದರ್‌ಬೋರ್ಡ್. ಆಟದ ಚಿತ್ರ ಮೂಡಿಸುವುದು ಗ್ರಾಫಿಕ್ಸ್ ಕಾರ್ಡ್. ಆಟದ ಕಂಪ್ಯೂಟರಿನಲ್ಲಿ ಹೆಚ್ಚು ದುಡ್ಡು ಹೋಗುವುದು ಇದಕ್ಕೇ, ಹೋಗಬೇಕಾದದ್ದೂ ಇದಕ್ಕೇ. ಪ್ರೊಸೆಸರ್ ಭಾರಿಯದು ತಂದು ಗ್ರಾಫಿಕ್ಸ್ ಕಾರ್ಡಿನಲ್ಲಿ ಜಿಪುಣತನ ಮಾಡಿದರೆ ಆಟ ಸರಾಗವಾಗಿ ಓಡುವುದಿಲ್ಲ.

ಈ ಬಿಡಿಭಾಗಗಳು ಒಂದಕ್ಕೊಂದು ಹೊಂದಬೇಕು. ಕುಕ್ಕರಿನ ಗ್ಯಾಸ್ಕೆಟ್ ತರುವಾಗ ಯಾವ ಕಂಪನಿ, ಎಷ್ಟು ಲೀಟರು ಎಂದು ಕೇಳುವುದಿಲ್ಲವೇ? ಹಾಗೆಯೇ. ಎಎಂಡಿ ಕಂಪನಿಯ ಹಳೆಯ ಸಾಕೆಟ್ ಎಎಂ4, ಅದಕ್ಕೆ ಡಿಡಿಆರ್4 ರ‍್ಯಾಮ್. 2022ರಲ್ಲಿ ಬಂದದ್ದು ಎಎಂ5, ಅದಕ್ಕೆ ಡಿಡಿಆರ್5 ಮಾತ್ರ. ಒಂದರದ್ದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಇಂಟೆಲ್ ಕಂಪನಿಯ ಸಾಕೆಟ್ಟುಗಳೇ ಬೇರೆ. ಎಲ್ಲವನ್ನೂ ಹೊಸದಾಗಿ ಕೊಳ್ಳುವವರು ಎಎಂಡಿ ಆರಿಸಿದರೆ ಎಎಂ5 ತೆಗೆದುಕೊಳ್ಳುವುದು ಲೇಸು, ಮುಂದೆ ಪ್ರೊಸೆಸರ್ ಒಂದನ್ನೇ ಬದಲಾಯಿಸಲು ಅನುಕೂಲ. ರ‍್ಯಾಮ್ 16 ಜಿಬಿ ಬೇಕಾದರೆ 8ರದ್ದು ಎರಡು ಹಾಕಿಸಿ. ಜೋಡಿಯಾಗಿದ್ದರೆ ಕೆಲಸ ಚುರುಕು.

ಈಗ ನಮ್ಮ ಮನೆಯಲ್ಲಿ ಸುಟ್ಟ ಪವರ್ ಸಪ್ಲೈ ವಿಷಯ. ಕಣ್ಣಿಗೆ ಕಾಣದ ಡಬ್ಬಿ ಎಂದು ಅಂಗಡಿಯವರು ಇದರಲ್ಲೇ ಉಳಿಸಿಬಿಡುತ್ತಾರೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಕಾರ್ಡ್ ಒಂದಕ್ಕೇ 145 ವ್ಯಾಟ್ ಬೇಕು. ಇಡೀ ಕಂಪ್ಯೂಟರಿಗೆ 550 ವ್ಯಾಟಿನ ಸಪ್ಲೈ ಇರಲಿ ಎಂದು ಕಾರ್ಡಿನ ಕಂಪನಿಯೇ ಹೇಳುತ್ತದೆ. ಹೆಸರಿರುವ ಕಂಪನಿಯದನ್ನೇ, '80 ಪ್ಲಸ್ ಬ್ರಾಂಜ್' ಗುರುತು ನೋಡಿ ತನ್ನಿ.

ನಮ್ಮಂಥ ಊರಿನವರಿಗೆ ಯುಪಿಎಸ್ ಕೂಡ ಬೇಕೇ ಬೇಕು. ಮನೆಯ ಇನ್ವರ್ಟರ್ ಹಿಡಿದುಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಆರಿಹೋಗಬಹುದು. 600 ವಿಎ ಎಂಬ ಚಿಕ್ಕ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ. 1000 ವಿಎ ಆದರೆ ಧೈರ್ಯ. ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸಿ. ಗುಡುಗು ಸಿಡಿಲು ಬಂದಾಗ ಯುಪಿಎಸ್ ಇದೆ ಎಂದು ಸುಮ್ಮನಿರದೆ ಪ್ಲಗ್ಗನ್ನೂ ಇಂಟರ್‌ನೆಟ್ ವೈರನ್ನೂ ಕಿತ್ತಿಡಿ.

ಹಳೆಯದರ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡುಗಳನ್ನು ತಮ್ಮನ ಮಗ ಪರೀಕ್ಷೆ ಮಾಡಿ, "ಅತ್ತೆ, ಇವೆಲ್ಲ ಬದುಕಿವೆ" ಎಂದ. ನಮ್ಮದು ಎಎಂ4 ಆದ್ದರಿಂದ ಅದಕ್ಕೆ ಹೊಂದುವ ಬೋರ್ಡ್ ಸಾಕಾಯಿತು. ಹಪ್ಪಳ ಮಾರಿದ ದುಡ್ಡು ಹಿಡಿದು, ಮಗನ ಜೊತೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಸಾಲಾಗಿ ಕಂಪ್ಯೂಟರ್ ಅಂಗಡಿಗಳೇ. ನಾಲ್ಕು ಕಡೆ ಪುಸ್ತಕ ಬಿಚ್ಚಿ ಬೆಲೆ ಕೇಳಿದೆವು. ಬೋರ್ಡ್, ಸಪ್ಲೈ, ಯುಪಿಎಸ್ ಸೇರಿ ಹದಿನೆಂಟು ಸಾವಿರ ಚಿಲ್ಲರೆ. "ದೀಪದ ಫ್ಯಾನ್ ಹಾಕಲೇ ಅಮ್ಮಾ?" ಎಂದ ಅಂಗಡಿಯವನು. ನಾನು ಬಾಯಿ ತೆರೆಯುವ ಮೊದಲೇ ಮಗ "ಬೇಡ" ಅಂದ!

ಇವರು ಏನೂ ಅನ್ನಲಿಲ್ಲ, ಆ ಕೋಣೆಗೆ ಕಾಲೂ ಇಡಲಿಲ್ಲ. ಅಕ್ಟೋಬರಿನ ಒಂದು ಸಂಜೆ ಗುಡುಗು ಶುರುವಾಗಿ ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು. ಜಗಲಿಯಲ್ಲಿದ್ದ ಇವರು ಎದ್ದು ಹೋಗಿ, "ಆಫ್ ಮಾಡೋ, ಪ್ಲಗ್ ಕಿತ್ತುಬಿಡು, ಮತ್ತೆ ಸುಟ್ಟೀತು!" ಎಂದರು. "ಮಾಡಿದೆ ಅಪ್ಪಾ" ಎಂದ ಮಗ. ನಾಲ್ಕು ತಿಂಗಳ ಮೇಲೆ ಅಪ್ಪ ಮಗ ಆಡಿದ ಮೊದಲ ಮಾತು. ನಾನು ಒಲೆಯ ಮುಂದೆ ನಿಂತು ಕೇಳಿಸಿಕೊಂಡೆ.

ಹಾವೇರಿಯ ಸೋದರಿ, ಕೊಡಿಸಬೇಕೋ ಬೇಡವೋ ನಿಮ್ಮ ಮನೆಯ ಲೆಕ್ಕ ನೋಡಿ ನೀವೇ ನಿರ್ಧರಿಸಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಬಹಳ ಏರಿದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೆ ಕೊಳ್ಳುವ ಮೊದಲು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿ ಬರೆಯಿರಿ. ಪರೀಕ್ಷೆ ಕಾಲದಲ್ಲಿ ಆಟವಿಲ್ಲ ಎಂಬ ಮಾತನ್ನೂ ಆಗಲೇ ತೆಗೆದುಕೊಳ್ಳಿ.

ನೆನಪಿರಲಿ:
* ಬಿಲ್ಲಿನಲ್ಲಿ ಪ್ರತಿ ಬಿಡಿಭಾಗದ ಹೆಸರು, ಸೀರಿಯಲ್ ನಂಬರ್ ಬರೆಸಿ. ಡಬ್ಬಿಗಳನ್ನು ಎಸೆಯಬೇಡಿ.
* ಪೆಟ್ಟಿಗೆಯ ಮುಂಭಾಗ ಜಾಲರಿಯದಿರಲಿ, ಗಾಳಿಯಾಡಬೇಕು. ಗೋಡೆಗೆ ಒತ್ತಿ ಇಡಬೇಡಿ.
* ಮಾನಿಟರಿನ ವೈರನ್ನು ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿ. ಮದರ್‌ಬೋರ್ಡಿಗೆ ಚುಚ್ಚಿದರೆ ದುಬಾರಿ ಕಾರ್ಡಿನ ಪ್ರಯೋಜನ ಸಿಗದು.

ಮುಂದಿನ ಸಂಚಿಕೆಯಲ್ಲಿ ಹಲಸಿನ ಹಪ್ಪಳದೊಂದಿಗೆ ಭೇಟಿಯಾಗೋಣ.