ತಪ್ಪು ಉತ್ತರ ಬಂದಾಗ ಪುನಃ ಕೇಳುವ ಪಾಠ

ಕಂಪ್ಯೂಟರಿನ ಪ್ರೋಗ್ರಾಮು ಬರೆಯುವುದನ್ನು ಕಲಿಸುವ ಪ್ರೌಢಶಾಲೆಗಳಲ್ಲಿ ಒಂದು ವಾಡಿಕೆಯು ಬೇರೂರಿರುವಂತೆ ಕಾಣುತ್ತದೆ. ಮೂರು ವಿಷಯಗಳ ಅಂಕಗಳನ್ನು ಕೇಳಿ ಸರಾಸರಿಯನ್ನು ಹೇಳುವ ಪ್ರೋಗ್ರಾಮನ್ನು ಬಾಲಿಕೆಯು ಬರೆಯುತ್ತಾಳೆ; ಉಪಾಧ್ಯಾಯಿನಿಯು 62, 71, 80 ಎಂದು ಕೊಟ್ಟು ನೋಡುತ್ತಾಳೆ; 71 ಎಂಬ ಉತ್ತರವು ಬರುತ್ತದೆ; ಪೂರ್ಣಾಂಕವು ದೊರೆಯುತ್ತದೆ. 710 ಎಂದಾಗಲಿ ‘ಎಪ್ಪತ್ತೊಂದು’ ಎಂದಾಗಲಿ ಕೊಟ್ಟರೆ ಏನಾಗುವುದೆಂದು ವಿಚಾರಿಸುವವರು ವಿರಳ. ಆ ಪಾಠವನ್ನು ವರ್ಷದ ಕಡೆಗೆ ಇಟ್ಟುಕೊಳ್ಳುತ್ತಾರೆ. ವರ್ಷದ ಕಡೆಯಲ್ಲಿ ಪರೀಕ್ಷೆಯು ಬಂದೊದಗುತ್ತದೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ‘ವೈಲ್’ ಎಂಬ ಆವರ್ತನವನ್ನು ಕಲಿಸಿದ ವಾರದಲ್ಲಿಯೇ, ಒಪ್ಪತಕ್ಕ ಉತ್ತರ ದೊರೆಯುವ ತನಕ ಪುನಃ ಕೇಳುವ ಕ್ರಮವನ್ನೂ ಕಲಿಸತಕ್ಕದ್ದು.

ಪೈಥಾನ್ ಭಾಷೆಯಲ್ಲಿ ‘ಇನ್‌ಪುಟ್’ ತಂದುಕೊಡುವುದು ಸಂಖ್ಯೆಯಲ್ಲ, ಬರಿಯ ಅಕ್ಷರಗಳ ಸಾಲು. ಅದನ್ನು ‘ಇಂಟ್’ ಎಂಬುದು ಸಂಖ್ಯೆಯನ್ನಾಗಿ ಮಾಡುತ್ತದೆ. ಮಾಡಲಾರದೆ ಹೋದರೆ ‘ವ್ಯಾಲ್ಯೂಎರರ್’ ಎಂದು ಕೂಗಿ ಪ್ರೋಗ್ರಾಮು ಅಲ್ಲಿಯೇ ನಿಂತುಹೋಗುತ್ತದೆ. ಅಷ್ಟು ಹೊತ್ತು ಅಂಕಗಳನ್ನು ಒತ್ತುತ್ತ ಕುಳಿತಿದ್ದವಳ ಶ್ರಮವೆಲ್ಲಾ ವ್ಯರ್ಥ. ಮೇಲಾಗಿ ತಾನೇನೋ ಯಂತ್ರವನ್ನು ಕೆಡಿಸಿದೆನೆಂಬ ಭಯ.

ಇದಕ್ಕೆ ‘ಇಫ್’ ಒಂದೇ ಸಾಲದೇ ಎಂದು ಕೆಲವರು ಕೇಳುವುದುಂಟು. ಸಾಲದು. ಯಾಕಂದರೆ ‘ಇಫ್’ ಒಂದೇ ಸಾರಿ ಪರೀಕ್ಷಿಸುತ್ತದೆ. ಎರಡನೆಯ ಸಾರಿಯೂ ತಪ್ಪು ಬಂದರೆ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎಚ್ಚರಿಕೆ ಹೇಳುವುದು ಒಂದು, ತಡೆದು ನಿಲ್ಲಿಸಿ ಕೇಳುವುದು ಇನ್ನೊಂದು. 2005ನೇ ಇಸವಿ ಡಿಸೆಂಬರ್ 8ರಂದು ಟೋಕಿಯೋ ಷೇರುಪೇಟೆಯಲ್ಲಿ ಮಿಜುಹೊ ಸೆಕ್ಯುರಿಟೀಸ್ ಎಂಬ ಸಂಸ್ಥೆಯವರು ಜೆ-ಕಾಮ್ ಕಂಪೆನಿಯ ಒಂದು ಷೇರನ್ನು 6,10,000 ಯೆನ್ನಿಗೆ ಮಾರಬೇಕಾದಲ್ಲಿ, 6,10,000 ಷೇರುಗಳನ್ನು ಒಂದೊಂದು ಯೆನ್ನಿಗೆ ಮಾರುವುದಾಗಿ ಒತ್ತಿಬಿಟ್ಟರು. ಆ ಕಂಪೆನಿಗೆ ಇದ್ದ ಷೇರುಗಳೇ ಒಟ್ಟು 14,500! ಬೆಲೆಯು ಮಿತಿಯ ಹೊರಗಿದೆಯೆಂಬ ಎಚ್ಚರಿಕೆಯು ಪರದೆಯ ಮೇಲೆ ಮೂಡಿತ್ತು. ಆದರೂ ಅದನ್ನು ದಾಟಿ ಮುಂದೆ ಹೋಗಲು ದಾರಿಯಿತ್ತು, ಹೋದರು. ನಷ್ಟವು ಸುಮಾರು 40 ಶತಕೋಟಿ ಯೆನ್.

ಆವರ್ತನವನ್ನು ಬರೆಯುವ ರೀತಿಗಳು ಎರಡಿವೆ. ಮೊದಲು ಒಮ್ಮೆ ಕೇಳಿ, ಉತ್ತರವು ತಪ್ಪಾಗಿರುವ ತನಕ ಸುತ್ತಿನೊಳಗೆ ಪುನಃ ಕೇಳುವುದು ಒಂದು. ಇದರಲ್ಲಿ ಪ್ರಶ್ನೆಯನ್ನು ಎರಡು ಕಡೆ ಬರೆಯಬೇಕು. ಹುಡುಗಿಯರು ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುತ್ತಾರೆ. ‘ವೈಲ್ ಟ್ರೂ’ ಎಂದು ಕೊನೆಯಿಲ್ಲದ ಸುತ್ತನ್ನು ತೆರೆದು, ಒಳಗೆ ‘ಟ್ರೈ’ ಮಾಡಿ, ಸಂಖ್ಯೆಯಲ್ಲದಿದ್ದರೆ ‘ಎಕ್ಸೆಪ್ಟ್’ನಲ್ಲಿ ತಿಳಿಯಹೇಳಿ, ಸಂಖ್ಯೆಯು 0 ಮತ್ತು 100ರ ನಡುವೆ ಇದ್ದರೆ ‘ಬ್ರೇಕ್’ ಎಂದು ಹೊರಗೆ ಬರುವುದು ಎರಡನೆಯದು. ನನಗೆ ಇದೇ ಮೇಲೆಂದು ತೋರುತ್ತದೆ. ಸಿ ಭಾಷೆಯನ್ನು ಕಲಿಸುವವರು ಮಾತ್ರ ಒಂದು ವಿಷಯವನ್ನು ಮುಂಚಿತವಾಗಿ ಹೇಳಿಡತಕ್ಕದ್ದು: ‘ಸ್ಕ್ಯಾನ್‌ಎಫ್’ ಅಂಕೆಯನ್ನು ಹುಡುಕುವಲ್ಲಿ ಅಕ್ಷರವು ಎದುರಾದರೆ ಅದನ್ನು ಅಲ್ಲಿಯೇ ಬಿಡುತ್ತದೆ, ಸಾಲಿನಲ್ಲಿ ಉಳಿದುದನ್ನು ತೆಗೆದುಹಾಕದೆ ಪುನಃ ಕೇಳಿದರೆ ಅದೇ ಅಕ್ಷರವು ಮತ್ತೆ ಮತ್ತೆ ಎದುರಾಗಿ, ಪ್ರೋಗ್ರಾಮು ಯಾರಿಗೂ ಕಾಯದೆ ಒಂದೇ ಪ್ರಶ್ನೆಯನ್ನು ಪರದೆಯ ತುಂಬಾ ಸುರಿಸುತ್ತದೆ.

ಪುನಃ ಕೇಳುವಾಗ ‘ಅಮಾನ್ಯ’ ಎಂದಷ್ಟೇ ಗದರಿಸಕೂಡದು. ‘0 ಯಿಂದ 100ರ ವರೆಗಿನ ಪೂರ್ಣಸಂಖ್ಯೆಯನ್ನು ಅಂಕೆಗಳಲ್ಲಿ ಬರೆಯಿರಿ’ ಎಂದು ಬೇಕಾದುದನ್ನೇ ಹೇಳಲಿ.

ಇನ್ನು ಈ ಪಾಠದಲ್ಲಿ ಅತಿ ಮುಖ್ಯವೆಂದು ನಾನು ಎಣಿಸುವ ವಿಷಯಕ್ಕೆ ಬರುತ್ತೇನೆ. ಕಾವಲುಗಾರನು ನೆಂಟರನ್ನೂ ಕಳ್ಳರೆಂದು ತಿಳಿದು ಹೊರಗೆ ನಿಲ್ಲಿಸುವುದುಂಟಷ್ಟೆ. ಹೆಸರಿನಲ್ಲಿ ಅಕ್ಷರಗಳೇ ಇರಬೇಕೆಂದು ಬಾಲಿಕೆಯು ‘ಈಸ್‌ಆಲ್ಫಾ’ ಎಂಬ ಪರೀಕ್ಷೆಯನ್ನಿಟ್ಟರೆ, ಕನ್ನಡದಲ್ಲಿ ಬರೆದ ‘ಕಮಲ’ಳು ಒಳಗೆ ಬರುತ್ತಾಳೆ, ‘ಲೀಲಾ’ ಎಂಬವಳು ಎಂದೆಂದಿಗೂ ಹೊರಗೆ! ಹೇಗಂದರೆ, ದೀರ್ಘವೇ ಮೊದಲಾದ ಕಾಗುಣಿತದ ಗುರುತುಗಳನ್ನು ಆ ಪರೀಕ್ಷೆಯು ಅಕ್ಷರಗಳೆಂದು ಎಣಿಸುವುದಿಲ್ಲ. ತನ್ನ ಹೆಸರನ್ನು ಸರಿಯಾಗಿಯೇ ಬರೆದ ಹುಡುಗಿಗೆ ‘ನಿನ್ನ ಹೆಸರು ತಪ್ಪು, ಪುನಃ ಬರೆ’ ಎಂದು ಯಂತ್ರವು ಹೇಳುತ್ತಲೇ ಇರುವುದು. ಇಂಗ್ಲಿಷಿನಲ್ಲಿ ಬರೆದರೂ ಹೆಸರಿನ ನಡುವೆ ಬಿಡುವಾಗಲಿ ಇನಿಶಿಯಲಿನ ಚುಕ್ಕೆಯಾಗಲಿ ಇದ್ದರೆ ಅದೇ ಗತಿ. ನಮ್ಮ ಸೀಮೆಯಲ್ಲಿ ಇನಿಶಿಯಲ್ ಇಲ್ಲದ ಹೆಸರುಗಳೆಷ್ಟಿವೆ? ಅಂಕೆಗಳ ವಿಷಯದಲ್ಲಿ ‘ಇಂಟ್’ ಎಂಬುದು ನಮಗಿಂತ ಉದಾರಿ. ‘೭೧’ ಎಂದು ಕನ್ನಡದಲ್ಲಿ ಬರೆದರೂ 71 ಎಂದೇ ಒಪ್ಪಿಕೊಳ್ಳುತ್ತದೆ. ಆದಕಾರಣ ಅಂಕೆಗಳನ್ನು ಒಂದೊಂದಾಗಿ ನಾವೇ ಪರೀಕ್ಷಿಸುವುದಕ್ಕಿಂತ, ‘ಇಂಟ್’ಗೆ ಕೊಟ್ಟು ಅದು ನಿರಾಕರಿಸಿದರೆ ಮಾತ್ರ ಪುನಃ ಕೇಳುವುದು ಮೇಲು.

ಅಂಕಗಳ ಪ್ರೋಗ್ರಾಮಿನಲ್ಲಿಯೇ ಇನ್ನೊಂದು ತೊಡಕಿದೆ. ಜ್ವರದಿಂದ ಪರೀಕ್ಷೆಗೆ ಬಾರದ ಹುಡುಗಿಗೆ ಅಂಕವಿಲ್ಲ. 0 ಯಿಂದ 100ರ ವರೆಗಿನ ಸಂಖ್ಯೆಯ ಹೊರತು ಬೇರೇನನ್ನೂ ಒಪ್ಪದ ಆವರ್ತನದ ಮುಂದೆ ಕುಳಿತ ಉಪಾಧ್ಯಾಯಿನಿಯು ಏನು ಮಾಡಬೇಕು? ಬೇರೆ ದಾರಿ ಕಾಣದೆ ಸೊನ್ನೆಯನ್ನು ಒತ್ತುತ್ತಾಳೆ. ಬಾರದವಳೂ ಬಂದು ಏನೂ ಬರೆಯದವಳೂ ಪಟ್ಟಿಯಲ್ಲಿ ಒಂದೇ ಆಗುತ್ತಾರೆ. ತಪ್ಪನ್ನು ತಡೆಯಲಿಟ್ಟ ಕಾವಲೇ ಸುಳ್ಳನ್ನು ಬರೆಯಿಸಿದಂತಾಯಿತು. ‘ಗೈರುಹಾಜರು’ ಎಂಬುದಕ್ಕೊಂದು ಗುರುತೂ, ಬೇಡವೆಂದರೆ ಎದ್ದು ಹೋಗಲೊಂದು ದಾರಿಯೂ ಸುತ್ತಿನೊಳಗೆ ಇರಲೇಬೇಕು.

ಮೂರು ಸಾಲಿನ ಪ್ರೋಗ್ರಾಮಿಗೆ ಎಂಟು ಸಾಲಿನ ಕಾವಲನ್ನು ಕಟ್ಟಿಸಿದರೆ ಎಳೆಯರು ಬೆದರುವರೆಂಬ ಆಕ್ಷೇಪಣೆಯನ್ನು ನಾನು ತಿರಸ್ಕರಿಸುವುದಿಲ್ಲ. ಮೊದಲ ವಾರದಲ್ಲಿ ಖಂಡಿತವಾಗಿ ಬೇಡ. ಆದರೆ ಆವರ್ತನವನ್ನು ಕಲಿಸುವಾಗ 1 ರಿಂದ 10ರ ವರೆಗೆ ಎಣಿಸುವ ಉದಾಹರಣೆಗಿಂತ ಇದು ಅವರ ಮನಸ್ಸಿಗೆ ಬೇಗ ಹತ್ತುತ್ತದೆ. ತಮ್ಮ ತಂಗಿಯರನ್ನು ಅವರು ದಿನವೂ ಹೀಗೆಯೇ ಪುನಃ ಪುನಃ ಕೇಳುತ್ತಾರಲ್ಲವೇ? ಪ್ರಾಯೋಗಿಕ ಪರೀಕ್ಷೆಯಲ್ಲಿ ಪಕ್ಕದ ಹುಡುಗಿಯನ್ನೇ ಕರೆದು, ಮನಸ್ಸಿಗೆ ಬಂದುದನ್ನು ಒತ್ತುವಂತೆ ಹೇಳಿ, ಅದಕ್ಕೆ 20ರಲ್ಲಿ 5 ಅಂಕಗಳನ್ನಾದರೂ ಮೀಸಲಿಡಬೇಕೆಂದು ಉಪಾಧ್ಯಾಯಿನಿಯರಲ್ಲಿ ನನ್ನ ವಿಜ್ಞಾಪನೆ.