ಬೆಕ್ಕಿನ ಅಂಗಳ ದಾಟುವ ಹೊತ್ತು



ಈ ವಾರ ನನ್ನ ಮುಂದೆ ಎರಡು ಪ್ರಶ್ನೆಗಳಿವೆ. ಒಂದು, ಅಜ್ಜಿಯೊಬ್ಬರದು: “ನಮ್ಮ ಮೊಮ್ಮಗ ಏಳನೇ ಕ್ಲಾಸು. ಮೂರು ವರ್ಷದಿಂದ ಕಂಪ್ಯೂಟರಿನಲ್ಲಿ ಅದೇ ಕಿತ್ತಳೆ ಬಣ್ಣದ ಬೆಕ್ಕನ್ನು ಓಡಿಸುತ್ತಾ ಕೂತಿದ್ದಾನೆ. ನಿಜವಾದ ಪ್ರೋಗ್ರಾಮಿಂಗ್ ಕಲಿಯೋದು ಯಾವಾಗ?” ಇನ್ನೊಂದು, ಒಂಬತ್ತನೇ ತರಗತಿಯ ಹುಡುಗಿಯದು: “ನನಗೆ ಸ್ಕ್ರ್ಯಾಚ್ ಸಾಲುತ್ತಿಲ್ಲ, ಪೈಥಾನ್ ಶುರು ಮಾಡಿದ್ದೇನೆ. ಆದರೆ ಬಿಟ್ಟು ಹೊರಡಲು ಮನಸ್ಸು ಬರುತ್ತಿಲ್ಲ. ಗೆಳತಿಯರೆಲ್ಲ ಅಲ್ಲೇ ಇದ್ದಾರೆ. ಇದನ್ನು ಕ್ಲಾಸಿನಲ್ಲಿ ಹೇಳಿದರೆ ‘ಇನ್ನೂ ಚಿಕ್ಕಮಕ್ಕಳ ಆಟ ಆಡ್ತೀಯಾ’ ಅಂತ ನಗುತ್ತಾರೆ.”

ಅಜ್ಜಿಗೆ ಮೊಮ್ಮಗ ಅಲ್ಲೇ ಉಳಿದುಬಿಟ್ಟಾನೆಂಬ ಆತಂಕ, ಹುಡುಗಿಗೆ ಹೊರಡಬೇಕಲ್ಲ ಎಂಬ ಸಂಕಟ. ಇಬ್ಬರಿಗೂ ಒಟ್ಟಿಗೇ ಉತ್ತರ ಹೇಳಲು ನೋಡುತ್ತೇನೆ.

ಮೊದಲು, ಬೆಕ್ಕಿನ ಪರಿಚಯವಿಲ್ಲದ ಹಿರಿಯರಿಗಾಗಿ ನಾಲ್ಕು ಮಾತು. ಸ್ಕ್ರ್ಯಾಚ್ ಎಂಬುದು ಮಕ್ಕಳ ಪ್ರೋಗ್ರಾಮಿಂಗ್ ಭಾಷೆ. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿ 2007ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಮುಖ್ಯವಾಗಿ 8ರಿಂದ 16 ವರ್ಷದವರಿಗೆಂದು ಮಾಡಿದ್ದು. ಇದರಲ್ಲಿ ಆಜ್ಞೆಗಳನ್ನು ಟೈಪ್ ಮಾಡಬೇಕಿಲ್ಲ. “10 ಹೆಜ್ಜೆ ಮುಂದೆ ಹೋಗು”, “ಹತ್ತು ಸಲ ಮಾಡು”, “ಗೋಡೆ ತಾಗಿದರೆ ತಿರುಗು” ಎಂಬಂಥ ಬಣ್ಣದ ಬ್ಲಾಕುಗಳು ಸಿದ್ಧವಾಗಿರುತ್ತವೆ. ಅವನ್ನು ಒಂದರ ಕೆಳಗೊಂದು ಜೋಡಿಸಿದರೆ ತೆರೆಯ ಮೇಲಿನ ಬೆಕ್ಕು ಹೇಳಿದ ಹಾಗೆ ಕೇಳುತ್ತದೆ. ಕಾಗುಣಿತ ತಪ್ಪುವ ಭಯವಿಲ್ಲ; ಹೊಂದದ ಬ್ಲಾಕು ಕೂಡಿಕೊಳ್ಳುವುದೇ ಇಲ್ಲ.

ಮಾಡಿದ್ದನ್ನು ಜಗತ್ತಿನ ಬೇರೆ ಮಕ್ಕಳಿಗೆ ತೋರಿಸಲು ಅಲ್ಲೇ ಒಂದು ಅಂಗಳವೂ ಇದೆ. ನಾನು ಮಾಡಿದ ಆಟವನ್ನು ನೀನು ಆಡಬಹುದು. ಒಂದು ಗುಂಡಿ ಒತ್ತಿದರೆ ಅದರ ಒಳಗಿನ ಬ್ಲಾಕುಗಳೆಲ್ಲ ಕಾಣುತ್ತವೆ. ಬೇಕಾದರೆ ಅದನ್ನೇ ತೆಗೆದುಕೊಂಡು ಬದಲಿಸಿ ನಿನ್ನದಾಗಿ ಹಂಚಬಹುದು. ಇದಕ್ಕೆ ರೀಮಿಕ್ಸ್ ಎನ್ನುತ್ತಾರೆ. ಮೂಲ ಮಾಡಿದವರ ಹೆಸರು ಅದರ ಮೇಲೆ ತಾನಾಗಿಯೇ ಕಾಣಿಸಿಕೊಳ್ಳುತ್ತದೆ.

ಇಷ್ಟು ಚೆಂದದ ಜಾಗ ಮಕ್ಕಳಿಗೆ ಯಾಕೆ ಸಾಲದೆ ಹೋಗುತ್ತದೆ? ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಹೇಳುವ ಬ್ಲಾಕನ್ನು ನೀವೇ ಮಾಡಿಕೊಳ್ಳಬೇಕು ಅಂದುಕೊಳ್ಳಿ. ಸ್ಕ್ರ್ಯಾಚಿನಲ್ಲಿ ಸ್ವಂತ ಬ್ಲಾಕು ಮಾಡಬಹುದು, ಆದರೆ ಅದು ಉತ್ತರವನ್ನು ನಿಮ್ಮ ಕೈಗೆ ಕೊಡುವುದಿಲ್ಲ. ಬೇರೊಂದು ಡಬ್ಬಿಯಲ್ಲಿ ಇಟ್ಟು ಹೋಗುತ್ತದೆ, ನೀವು ಹೋಗಿ ತೆಗೆದುಕೊಳ್ಳಬೇಕು. ಅಂಗಡಿಗೆ ಕಳಿಸಿದ ಹುಡುಗ ಸಾಮಾನನ್ನು ಜಗಲಿಯ ಮೇಲಿಟ್ಟು ಓಡಿಹೋದ ಹಾಗೆ! ಪಟ್ಟಿಯೊಳಗೆ ಪಟ್ಟಿ ಇಡಲೂ ಆಗುವುದಿಲ್ಲ. ಚದುರಂಗದ ಮಣೆಗೆ 8 ಸಾಲು, ಸಾಲಿಗೆ 8 ಮನೆ ಎಂದು ಬರೆಯಲಾರಿರಿ. 64 ಮನೆಗಳನ್ನೂ ಒಂದೇ ಉದ್ದನೆಯ ಸಾಲಾಗಿ ಎಣಿಸಿಕೊಳ್ಳಬೇಕು. ಒಂದು ಗೊಂಬೆಯ ನಕಲುಗಳನ್ನು ಎಷ್ಟು ಬೇಕಾದರೂ ಮಾಡುವ ಹಾಗಿಲ್ಲ, ಒಟ್ಟು 300 ದಾಟುವಂತಿಲ್ಲ. ಎಲ್ಲ ಆಟಗಾರರಿಗೂ ಕಾಣುವಂತೆ ಅಂಕ ಉಳಿಸಿಡಲು ‘ಕ್ಲೌಡ್’ ಡಬ್ಬಿಗಳಿವೆ. ಅವುಗಳಲ್ಲಿ ಹಿಡಿಯುವುದು ಅಂಕಿ ಮಾತ್ರ, ಅಕ್ಷರ ಇಲ್ಲ. ಗೆದ್ದವರ ಹೆಸರು ತೋರಿಸಬೇಕೆಂದರೆ ಇಂಗ್ಲಿಷಿನ ಎ ಅಕ್ಷರಕ್ಕೆ 01, ಬಿ ಅಕ್ಷರಕ್ಕೆ 02 ಎಂದು ಮಕ್ಕಳೇ ಲೆಕ್ಕ ಹಾಕಿ ಹೆಸರನ್ನು ಅಂಕಿಯಾಗಿಸುತ್ತಾರೆ, ಆಮೇಲೆ ಬಿಡಿಸಿಕೊಳ್ಳುತ್ತಾರೆ. ಅಜ್ಜಿ, ನಿಮ್ಮ ಮೊಮ್ಮಗ ಇಂಥದ್ದೇನಾದರೂ ಮಾಡುತ್ತಿದ್ದರೆ ಅವನು ಬೆಕ್ಕನ್ನು ಓಡಿಸುತ್ತಿಲ್ಲ, ಗಣಿತ ಮಾಡುತ್ತಿದ್ದಾನೆ.

ಬೆಳೆಯುವ ಮಗುವಿಗೆ ಅಂಗಿ ಬಿಗಿಯಾಗುತ್ತದೆ. ಅದರಲ್ಲಿ ಅಂಗಿಯ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ. ಹೀಗೆ ಬಿಗಿಯಾದಾಗ ಕೆಲವರು ಅಂಗಿಯನ್ನೇ ದೊಡ್ಡದು ಮಾಡಿದರು. ಜರ್ಮನಿಯ ಯೆನ್ಸ್ ಮೋನಿಗ್ ಸ್ಕ್ರ್ಯಾಚನ್ನೇ ತಿದ್ದಿ, ಸ್ವಂತ ಬ್ಲಾಕು ಮಾಡಲು ಬರುವ ಇನ್ನೊಂದು ಭಾಷೆ ಕಟ್ಟಿದರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಬ್ರಯನ್ ಹಾರ್ವೆ ಜೊತೆಗೂಡಿದರು. ಅದು ಬೆಳೆದು ಈಗ ಸ್ನ್ಯಾಪ್ ಎಂಬ ಭಾಷೆಯಾಗಿದೆ. ಅದರಲ್ಲಿ ಬ್ಲಾಕು ಉತ್ತರವನ್ನು ಕೈಗೇ ಕೊಡುತ್ತದೆ, ಪಟ್ಟಿಯೊಳಗೆ ಪಟ್ಟಿಯೂ ಹಿಡಿಯುತ್ತದೆ. ಬರ್ಕ್ಲಿಯಲ್ಲಿ ಕಾಲೇಜು ವಿದ್ಯಾರ್ಥಿಗಳೇ ಅದರಲ್ಲಿ ಪಾಠ ಕಲಿತಿದ್ದಾರೆ. ಕ್ಲಾಸಿನಲ್ಲಿ ನಗುವವರಿಗೆ ಇದನ್ನು ಹೇಳು ಮಗಳೇ: ಬಣ್ಣದ ಬ್ಲಾಕು ಕಂಡ ಕೂಡಲೇ ಅದು ಚಿಕ್ಕಮಕ್ಕಳದ್ದು ಎಂದುಕೊಳ್ಳಬೇಕಾಗಿಲ್ಲ.

ಹೀಗೆ ನಗುವುದೂ ಹೊಸದಲ್ಲ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಎಂಬ ಸುಲಭ ಭಾಷೆ ಹುಟ್ಟಿತು. ಬೇಸಿಕ್ ಕಲಿತು ಬಂದವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಹೆಚ್ಚುಕಡಿಮೆ ಅಸಾಧ್ಯ ಎಂದು 1975ರಲ್ಲಿ ನೆದರ್‌ಲ್ಯಾಂಡ್ಸಿನ ಹೆಸರಾಂತ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ ಬರೆದರು. ಆದರೆ ಮುಂದೆ ಆದದ್ದೇ ಬೇರೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸಂಖ್ಯಾಶಾಸ್ತ್ರದ ಪ್ರೊಫೆಸರ್ ಆಗಿದ್ದ ಒಬ್ಬ ಅಜ್ಜ ಒಂದು ಪುಟ್ಟ ಕಂಪ್ಯೂಟರ್ ಕೊಂಡರು. ತಾವು ಕಾಗದದಲ್ಲಿ ಬರೆದ ಬೇಸಿಕ್ ಪ್ರೋಗ್ರಾಮುಗಳನ್ನು ಹನ್ನೊಂದು ವರ್ಷದ ಮೊಮ್ಮಗನಿಂದ ಟೈಪ್ ಮಾಡಿಸುತ್ತಿದ್ದರು. ಕೆಲವೇ ಸಮಯದಲ್ಲಿ ಮೊಮ್ಮಗನಿಗೆ ಬೇಸಿಕ್ ಸಾಲದಾಯಿತು. ಯಂತ್ರದ ಸ್ವಂತ ಭಾಷೆಗೇ ಕೈಹಾಕಿದ. ಅವನ ಹೆಸರು ಲಿನಸ್ ಟೋರ್ವಾಲ್ಡ್ಸ್. 1991ರಲ್ಲಿ ಅವನು ಹೊರತಂದ ಲಿನಕ್ಸ್ ಇವತ್ತು ಆಂಡ್ರಾಯ್ಡ್ ಫೋನುಗಳ ತಳದಲ್ಲಿ ಕೆಲಸ ಮಾಡುತ್ತಿದೆ.

ನಮ್ಮ ಹುಡುಗಿ ಹೊರಟಿರುವ ಪೈಥಾನಿನ ಕಥೆಯೂ ಇಂಥದ್ದೇ. ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಪಂಡಿತರಲ್ಲದವರಿಗಾಗಿ ಎಬಿಸಿ ಎಂಬ ಸುಲಭ ಭಾಷೆ ಕಟ್ಟುತ್ತಿದ್ದರು. ಆ ತಂಡದಲ್ಲಿ ಖೀಡೊ ವಾನ್ ರೋಸಮ್ ಎಂಬ ಯುವಕನಿದ್ದ. ಎಬಿಸಿ ಹೆಚ್ಚು ಹರಡಲಿಲ್ಲ. 1989ರ ಕ್ರಿಸ್‌ಮಸ್ ರಜೆಯಲ್ಲಿ ಅವನು ತನ್ನದೇ ಒಂದು ಭಾಷೆ ಬರೆಯಲು ಕೂತ, 1991ರಲ್ಲಿ ಅದು ಹೊರಬಂತು. ಅದೇ ಪೈಥಾನ್. ಎಬಿಸಿಯಲ್ಲಿ ಮೆಚ್ಚಿದ್ದನ್ನು ಅವನು ಜೊತೆಗೆ ತಂದ. ಸಾಲುಗಳನ್ನು ಒಳಕ್ಕೆ ಸರಿಸಿ ಬರೆದು ಗುಂಪು ಮಾಡುವ ಪದ್ಧತಿ ಅಲ್ಲಿಂದಲೇ ಬಂದದ್ದು. ದಾಟಿ ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ.

ಜೊತೆಗೆ ಬರುವುದೇನೆಂದು ನೋಡಬೇಕೆ? “100 ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು, ಇದನ್ನು 4 ಸಲ ಮಾಡು.” ಒಂದು ಚೌಕ ಬರುತ್ತದೆ. 1967ರಲ್ಲಿ ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್ಜಿಗ್ ಸೇರಿ ಮಕ್ಕಳಿಗೆಂದು ಲೋಗೊ ಭಾಷೆ ಮಾಡಿದರು. ಕೆಲವು ವರ್ಷಗಳಲ್ಲಿ ಅದಕ್ಕೊಂದು ಆಮೆ ಬಂತು. ನಿಮ್ಮ ಅಪ್ಪ-ಅಮ್ಮ ಶಾಲೆಯಲ್ಲಿ ಆ ಆಮೆಯನ್ನು ಓಡಿಸಿರಬಹುದು, ಕೇಳಿ ನೋಡಿ. ಸ್ಕ್ರ್ಯಾಚಿನ ಬೆಕ್ಕಿಗೂ ಇದೇ ಆಜ್ಞೆ ಸಾಕು. ಪೈಥಾನಿನಲ್ಲೂ ‘ಟರ್ಟಲ್’ ಎಂಬ ಹೆಸರಿನಲ್ಲಿ ಅದೇ ಆಮೆ ಕಾದು ಕೂತಿದೆ! ಭಾಷೆ ಮೂರು, ಚೌಕ ಒಂದೇ. 90ರ ಬದಲು 72 ಡಿಗ್ರಿ, 4ರ ಬದಲು 5 ಸಲ ಎಂದರೆ ಐದು ಬದಿಯ ಆಕೃತಿ. 72ರ ಬದಲು 144 ಎಂದರೆ ಏನು ಬರುತ್ತದೆ? ನಾನು ಹೇಳುವುದಿಲ್ಲ, ಕಾಗದದ ಮೇಲೆ ಕೋನಮಾಪಕ ಇಟ್ಟು ನೀವೇ ಮಾಡಿ ನೋಡಿ.

ಅಜ್ಜಿ, ಇನ್ನು ನಿಮ್ಮ ಪ್ರಶ್ನೆ. ಸಂಗೀತದ ಮೇಷ್ಟ್ರು ಸರಳೆ ವರಸೆ ಗಟ್ಟಿಯಾಗದೆ ಜಂಟಿ ವರಸೆಗೆ ಕೈಹಾಕಿಸುವುದಿಲ್ಲ, ಗಟ್ಟಿಯಾದ ಮೇಲೆ ಅಲ್ಲೇ ಕೂರಿಸುವುದೂ ಇಲ್ಲ. ಮೊಮ್ಮಗನ ಪಕ್ಕ ಕೂತು “ಒಳಗಡೆ ಹೇಗಿದೆ ತೋರಿಸಪ್ಪ” ಅನ್ನಿ. ಹೋದ ವರ್ಷದ್ದನ್ನೂ ಈ ವರ್ಷದ್ದನ್ನೂ ತೋರಿಸಲಿ. ಈ ವರ್ಷದ್ದನ್ನು ವಿವರಿಸಲು ಅವನಿಗೇ ಹೆಚ್ಚು ಹೊತ್ತು ಹಿಡಿದರೆ ಅವನು ಬೆಳೆಯುತ್ತಿದ್ದಾನೆ, ಬಿಟ್ಟುಬಿಡಿ. “ಇದರಲ್ಲಿ ಇದು ಮಾಡೋಕಾಗಲ್ಲ ಅಜ್ಜಿ” ಎಂದು ಅವನೇ ಗೊಣಗಲು ಶುರುಮಾಡಿದ ದಿನ ಮುಂದಿನ ಪುಸ್ತಕ ತಂದುಕೊಡಿ. ಅದಕ್ಕೆ ಮೊದಲು ಅವಸರ ಬೇಡ. ಪೈಥಾನಿನ ಮೊದಲ ವಾರಗಳು ಸಪ್ಪೆ. ಬೆಕ್ಕಿಲ್ಲ, ಸಂಗೀತವಿಲ್ಲ, ಒಂದು ಚಿಹ್ನೆ ಮರೆತರೂ ಕಂಪ್ಯೂಟರ್ ತಪ್ಪು ಎನ್ನುತ್ತದೆ. ಆಗ ಅವನು ನಡುನಡುವೆ ಬೆಕ್ಕಿನ ಹತ್ತಿರ ಓಡಿಬಂದರೆ ಅದು ಸೋಲಲ್ಲ.

ಮಗಳೇ, ಈಗ ನಿನ್ನ ಮಾತು. ಭಾಷೆ ಬಿಡುವುದು ಸುಲಭ, ಜನರನ್ನು ಬಿಡುವುದು ಕಷ್ಟ. ಆ ಅಂಗಳದಲ್ಲಿ ಯಾರೂ ನಿಜವಾದ ಪೂರ್ಣ ಹೆಸರು, ವಿಳಾಸ, ಫೋನ್ ನಂಬರು ಹೇಳುವಂತಿಲ್ಲ. ಇಬ್ಬರೇ ಗುಟ್ಟಾಗಿ ಪತ್ರ ಬರೆದುಕೊಳ್ಳುವ ವ್ಯವಸ್ಥೆಯೂ ಇಲ್ಲ. ಮಕ್ಕಳ ರಕ್ಷಣೆಗೆಂದೇ ಕಟ್ಟಿದ ಬೇಲಿ ಅದು. ಆದರೆ ಹೊರಟುಹೋದವರನ್ನು ಮತ್ತೆ ಹುಡುಕಲಾಗದ ಹಾಗೆ ಮಾಡುವುದೂ ಅದೇ ಬೇಲಿ. ಅಪ್ಪನಿಗೆ ವರ್ಗವಾಗಿ ಊರು ಬಿಟ್ಟಾಗ ಹಳೆ ಶಾಲೆಯ ಗೆಳೆಯರು ಕೈತಪ್ಪಿದ್ದು ನಿನ್ನ ಅಜ್ಜ-ಅಜ್ಜಿಗೆ ನೆನಪಿರಬಹುದು. ನಿನ್ನ ದುಃಖವೂ ಅದೇ ಜಾತಿಯದು. ಹಿರಿಯರೇ, “ಕಂಪ್ಯೂಟರಿನ ಗೆಳೆಯರಿಗೆ ಅಳ್ತಾರಾ” ಎಂದು ದಯವಿಟ್ಟು ನಗಬೇಡಿ.

ಹೊರಡುವುದಾದರೆ ಹೇಳಿ ಹೊರಡು. ಎಲ್ಲರಿಗೂ ಕಾಣುವಂತೆ ಒಂದು ಪುಟ್ಟ ಬೀಳ್ಕೊಡುಗೆಯ ಚಿತ್ರ ಮಾಡಿ, ನಿನಗೆ ಕಲಿಸಿದವರನ್ನು ನೆನೆ. ಗುಂಪಿನ ಜವಾಬ್ದಾರಿ ನಿನ್ನ ಮೇಲಿದ್ದರೆ ಬೇರೊಬ್ಬರಿಗೆ ಒಪ್ಪಿಸು. ಅರ್ಧ ಮಾಡಿದ ಜೊತೆಯ ಕೆಲಸವನ್ನು ಮುಗಿಸು, ಇಲ್ಲವೇ ಮುಗಿಸಲಾಗದು ಎಂದು ಹೇಳು. ಹಳೆಯ ಆಟಗಳನ್ನು ನಾಚಿಕೆಯಿಂದ ಅಳಿಸಬೇಡ. ನಿನಗೆ ಈಗ ಬಾಲಿಶ ಅನ್ನಿಸುವ ಆಟದ ಒಳಗನ್ನು ತೆರೆದು ನಾಳೆ ಎಂಟು ವರ್ಷದ ಮಗುವೊಂದು ಕಲಿಯಬಹುದು, ನೀನೂ ಹಾಗೆಯೇ ಕಲಿತವಳು. ಹತ್ತಿದ ಏಣಿಯನ್ನು ಒದೆಯಬಾರದು ಎನ್ನುತ್ತಾರಲ್ಲ.

ಕೊನೆಗೊಂದು ಎಚ್ಚರಿಕೆ, ಇದು ಮನೆಯವರಿಗೂ ಸೇರಿ. ಮುಂದಿನ ಅಂಗಳಗಳು ದೊಡ್ಡವರವು. ಪ್ರೋಗ್ರಾಮು ಹಂಚುವ ಗಿಟ್‌ಹಬ್ಬಿಗೂ ಹರಟುವ ಡಿಸ್ಕಾರ್ಡಿಗೂ ಕನಿಷ್ಠ 13 ವರ್ಷ ತುಂಬಿರಬೇಕು. ಡಿಸ್ಕಾರ್ಡಿನಲ್ಲಿ ಅಪರಿಚಿತರು ಗುಟ್ಟಾಗಿ ಸಂದೇಶ ಕಳಿಸಲು ದಾರಿಯಿದೆ. ಬೇಲಿಯೊಳಗೆ ಬೆಳೆದ ಮಕ್ಕಳಿಗೆ ಇದು ಹೊಸದು. ಆದ್ದರಿಂದ ಮೊದಲ ಕೆಲವು ತಿಂಗಳು ಮಗು ಎಲ್ಲಿ, ಯಾರ ಜೊತೆ ಮಾತಾಡುತ್ತಿದೆ ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಪೈಥಾನ್ ಬಾರದ ಅಜ್ಜಿಯೂ ಈ ಕೆಲಸ ಮಾಡಬಹುದು. ಪಕ್ಕದಲ್ಲೊಂದು ಕುರ್ಚಿ ಹಾಕಿಕೊಂಡು “ಇವರು ಯಾರು ಪುಟ್ಟಿ?” ಎಂದು ಕೇಳಿದರೆ ಸಾಕು.